ಜಾಲತಾಣ ರೀತಿ-ರಿವಾಜು: ಮುಳವಾಡ ಸೀಮೆ

ವ್ಯಾಪಾರ, ದುಡಿಮೆ, ಬೀಗತನ, ಊರಿನ ಕೆಲಸ ಇವುಗಳಿಗಾಗಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್ ಮೊದಲಾದ ಜಾಲತಾಣಗಳಲ್ಲಿ ಪರಿಚಯ ಬೆಳೆಸಿಕೊಳ್ಳುವಾಗ ಒಬ್ಬರು ಇನ್ನೊಬ್ಬರಿಂದ ನಿರೀಕ್ಷಿಸುವ ನಡತೆಯೇ ಜಾಲತಾಣ ರೀತಿ-ರಿವಾಜು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗಗಳು ಸೇರಿದ ಮುಳವಾಡ ಸೀಮೆಯಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ. ‘ಗ್ರೂಪಿನ್ಯಾಗ ಹಂಗ ಹಾಕಬಾರ್ದರಿ’ ಎಂದು ಯಾರಾದರೂ ಅಂದಾಗ ಮಾತ್ರ ಅದು ಇದೆಯೆಂದು ತಿಳಿಯುತ್ತದೆ. ಕಟ್ಟೆ, ಸಂತೆ, ಅಡತಿ ಅಂಗಡಿಗಳಲ್ಲಿ ರೂಢಿಯಾದ ನಡತೆಯ ಬಹುಪಾಲು ಹಾಗೆಯೇ ಫೋನಿಗೆ ಬಂದಿದೆ. ಆದರೆ ಕಟ್ಟೆಯ ಮೇಲೆ ಯಾರು ಕೂತಿದ್ದಾರೆ, ಯಾರು ಕೇಳಿಸಿಕೊಳ್ಳುತ್ತಿದ್ದಾರೆ, ಹೊತ್ತೆಷ್ಟಾಯಿತು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಗ್ರೂಪಿನಲ್ಲಿ ಈ ಮೂರೂ ಕಾಣುವುದಿಲ್ಲ. ಇಲ್ಲಿನ ತಂಟೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಈ ಸೀಮೆಯಲ್ಲಿ ಜಾಲತಾಣವೆಂದರೆ ಮೊದಲು ವಾಟ್ಸಾಪ್ ಆದ್ದರಿಂದ ಇಲ್ಲಿ ಹೆಚ್ಚಿನ ಮಾತು ಅದರದೇ.

ಈ ಸೀಮೆಯ ಮಂದಿಗೆ ದೂರದ ಪರಿಚಯ ಶೋಕಿಯಲ್ಲ. ಮಳೆ ನೆಚ್ಚಿದ ಎರೆಹೊಲ, ಬಿಳಿಜೋಳ, ತೊಗರಿ, ನಡುವೆ ಬಾವಿ-ಬೋರುಗಳ ಮೇಲೆ ನಿಂತ ಲಿಂಬೆ ತೋಟ. ಮಳೆ ಕೈಕೊಟ್ಟ ವರ್ಷ ಗೋವಾ, ಮುಂಬೈ, ಪುಣೆ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವುದು ತಲೆಮಾರುಗಳ ರೂಢಿ. ಅದಕ್ಕೆ ಮುಳುಗಡೆಯೂ ಸೇರಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರುಗಳು ಸರಿದು, ಒಂದೇ ಓಣಿಯ ಮನೆಗಳು ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದವು. ಅದೇ ಹಿನ್ನೀರನ್ನು ಮೇಲೆತ್ತುವ ಮುಳವಾಡ ಏತ ನೀರಾವರಿ ಯೋಜನೆಯ ಕಾಲುವೆ ಇಂದು ಎಲ್ಲಿವರೆಗೆ ಬಂತು, ಕೆರೆಗೆ ನೀರು ಬಿಟ್ಟರೋ ಇಲ್ಲವೋ ಎಂಬುದು ಊರ ಗ್ರೂಪುಗಳ ನಿತ್ಯದ ಮಾತು. ಹೀಗೆ ಚದುರಿದವರಿಗೆ ಗ್ರೂಪ್ ಎಂಬುದು ಊರೇ ಆಗಿರುವಾಗ, ಅಲ್ಲಿಂದ ತೆಗೆದುಹಾಕಿಸಿಕೊಳ್ಳುವುದು ಸಣ್ಣ ಅವಮಾನವಲ್ಲ.

ಜಾಲಕ್ಕಿಂತ ಹಿಂದಿನ ಜಾಲಗಳೂ ಇಲ್ಲಿದ್ದವು. ಹಳೆಯ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಗೆಳೆಯರ ಗುಂಪು ಸುತ್ತಲಿನ ಹೆಣ್ಣುಮಕ್ಕಳ ಬೀಸುಕಲ್ಲಿನ ಪದಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಹೊರತಂದಿತು. ಜಾತಿ-ಮತ ಬೇರೆಯಾದ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ನಾಲ್ಕು ಜನ ಬರೀ ವಿಶ್ವಾಸದ ಮೇಲೆ ಕಟ್ಟಿದ ಬಳಗ ಅದು. ಇಂದು ಆ ತ್ರಿಪದಿಗಳು ಗುಲಾಬಿ ಹೂವಿನ ಚಿತ್ರದ ಮೇಲೆ ಕೂತು, ಕೂಡಿಹಾಕಿದವರ ಹೆಸರಿಲ್ಲದೆ, ಕೆಲವೊಮ್ಮೆ ಕಳಿಸಿದವರದೇ ಹೆಸರು ಹೊತ್ತು ಗ್ರೂಪಿನಿಂದ ಗ್ರೂಪಿಗೆ ಹಾರುತ್ತವೆ. ಯಾರದೋ ಬರಹ, ಯಾರೋ ತೆಗೆದ ಫೋಟೋ ಹಂಚುವಾಗ ಅವರ ಹೆಸರು ಹೇಳಬೇಕೆಂಬ ನಿಯಮವನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಿರಲಿಲ್ಲ.

ವಾಟ್ಸಾಪ್ ಶುರುವಾದದ್ದು 2009ರಲ್ಲಿ. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಅದು ಹೊಲಗಳಿಗೂ ಇಳಿಯಿತು. ಒಂದು ಗ್ರೂಪಿನಲ್ಲಿ 100 ಜನ ಎಂದಿದ್ದ ಮಿತಿ 2016ರಲ್ಲಿ 256ಕ್ಕೆ, 2022ರಲ್ಲಿ ಮೊದಲು 512ಕ್ಕೆ, ಆಮೇಲೆ 1024ಕ್ಕೆ ಏರಿತು. 256ರ ಗ್ರೂಪಿನಲ್ಲಿ ಇನ್ನೂ ಮುಖ ಪರಿಚಯವಿರುತ್ತಿತ್ತು. ಸಾವಿರ ಮಂದಿ ಎಂದರೆ ಒಂದು ಸಣ್ಣ ಊರೇ ಒಂದು ಕಟ್ಟೆಯ ಮೇಲೆ ಕೂತ ಹಾಗೆ. ಅದರಲ್ಲಿ ಮುಕ್ಕಾಲು ಪಾಲು ಜನ ತುಟಿ ಬಿಚ್ಚದೆ ನೋಡುತ್ತಿರುತ್ತಾರೆ ಎಂಬುದನ್ನು ಮಾತಾಡುವ ನಾಲ್ಕು ಮಂದಿ ಮರೆಯುತ್ತಾರೆ.

ಮಾತಾಡಿಸುವ ಬಗೆ

1995ರ ಅಕ್ಟೋಬರ್‌ನಲ್ಲಿ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ‘ಆರ್‌ಎಫ್‌ಸಿ 1855’ ಎಂಬ ಕೈಪಿಡಿ ಅಂತರಜಾಲದ ಶಿಷ್ಟಾಚಾರಕ್ಕೆ ಹಳೆಯ ಆಧಾರ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಪೂರ್ತಿ ಬರೆದರೆ ಕೂಗಾಡಿದಂತೆ ಎಂಬುದು ಅದರ ಹೆಸರಾಂತ ಸೂಚನೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿಲ್ಲ. ಹಾಗಾದರೆ ವಿಜಯಪುರದ ಕನ್ನಡದಲ್ಲಿ ಕೂಗಾಡುವುದು ಹೇಗೆ? ಏಕವಚನದಿಂದ. ‘ಬರ್ರಿ’ ಎನ್ನಬೇಕಾದಲ್ಲಿ ‘ಬಾ’ ಎಂದು ಬರೆದರೆ ಸಾಕು, ಗ್ರೂಪ್ ಗಪ್ ಆಗುತ್ತದೆ.

‘ರೀ’ ಎಂಬ ಒಂದಕ್ಷರ ಈ ಸೀಮೆಯಲ್ಲಿ ಹೊರುವ ಭಾರ ದೊಡ್ಡದು. ಹೌದ್ರಿ, ಇಲ್ರಿ, ಎಷ್ಟರಿ, ಬ್ಯಾಡ್ರಿ. ವಯಸ್ಸು, ಹುದ್ದೆ, ಜಾತಿ ಕೇಳದೆ ಅಪರಿಚಿತನಿಗೂ ಸಲ್ಲುವ ಮರ್ಯಾದೆ ಅದು. ಎದುರಿಗಿದ್ದರೆ ಅದು ಬಾಯಲ್ಲಿ ತಾನಾಗಿ ಬರುತ್ತದೆ. ಬೆರಳಿನಲ್ಲಿ ಒತ್ತುವಾಗ ಮೊದಲು ಉದುರುವುದೂ ಅದೇ. ‘ರೇಟ್ ಎಷ್ಟು’ ಎಂದು ಬರೆದವನಿಗೆ ಬೇಸರ ಪಡಿಸುವ ಮನಸ್ಸಿರುವುದಿಲ್ಲ, ಓದಿದವನಿಗೆ ಮಾತ್ರ ತನ್ನನ್ನು ಆಳುಮಗನಂತೆ ಕೇಳಿದ ಹಾಗಾಗುತ್ತದೆ. ಇದರ ಮಗ್ಗುಲಲ್ಲೇ ‘ಲೇ’ ಇದೆ. ಕಟ್ಟೆಯ ಮೇಲೆ ‘ಬಾರಲೇ, ಎಲ್ಲಿ ಹಾಳಾಗಿ ಹೋಗಿದ್ದಿ’ ಎಂಬುದು ಅಕ್ಕರೆಯ ತುತ್ತತುದಿ. ಅದೇ ಮಾತನ್ನು ಆ ಗೆಳೆಯನ ಅಳಿಯ, ಬೀಗ, ಸಾಲ ಕೊಟ್ಟ ಸಾಹುಕಾರ ಎಲ್ಲರೂ ಇರುವ ಗ್ರೂಪಿನಲ್ಲಿ ಬರೆದರೆ ಗೆಳೆತನಕ್ಕೆ ಕುತ್ತು.

ರೋಮನ್ ಅಕ್ಷರಗಳಲ್ಲಿ ಕನ್ನಡ ಒತ್ತುವುದರಿಂದ ತೊಡಕು ಇನ್ನೂ ಹೆಚ್ಚು. ‘bari’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ‘ಬರ್ರಿ’ ಎಂದೂ ಓದಬಹುದು, ‘ಬರಿ’ ಎಂದೂ, ‘ಬರೀ’ ಎಂದೂ. ಒಂದು ಕರೆಯುವ ಮಾತು, ಇನ್ನೊಂದು ಬರೆಯೆಂಬ ಅಪ್ಪಣೆ, ಮೂರನೆಯದು ಸುಮ್ಮನೆ ಬಂದ ಗುಣಪದ. ಕನ್ನಡ ಕೀಲಿಮಣೆ ಎಲ್ಲ ಫೋನುಗಳಲ್ಲೂ ಇರುವಾಗ ಹೆಸರಿನ ಮುಂದೆ ಅಣ್ಣಾರ, ಕಾಕಾರ, ಅಕ್ಕಾರ, ಮಾಸ್ತರ, ಸಾಹೇಬ್ರ ಎಂಬುದನ್ನಾದರೂ ಕನ್ನಡದಲ್ಲಿ ಬರೆದು ಮುಂದಿನ ಮಾತಿಗೆ ಹೋಗುವುದು ಜಾಣತನ. ಮಾತು ಶುರು ಮಾಡುವಾಗ ‘ಶರಣ್ರಿ’, ‘ನಮಸ್ಕಾರ್ರಿ’, ‘ಸಲಾಂ’ ಯಾವುದಾದರೂ ಆದೀತು. ಆದರೆ ಬರೀ ‘ಹಾಯ್’ ಎಂದು ಬರೆದು, ಅತ್ತಲಿಂದ ಉತ್ತರ ಬರುವ ತನಕ ವಿಷಯ ಹೇಳದೆ ಕೂರುವುದು ಬೇಡ. ಬಾಗಿಲು ಬಡಿದು ಓಡಿಹೋಗುವ ಹುಡುಗರ ಆಟ ಅದು.

ವಲ್ಲಿಯ ಕೆಳಗಿನ ದರ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕೂಡುವ ದನದ ಸಂತೆ ಈ ಸೀಮೆಯ ರೈತರಿಗೆಲ್ಲ ಗೊತ್ತು. ದನದ ಸಂತೆಗಳ ಹಳೆಯ ಪದ್ಧತಿಯಲ್ಲಿ ಎತ್ತಿನ ದರ ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ವಲ್ಲಿಯನ್ನು ಕೈ ಮೇಲೆ ಹೊದಿಸಿ, ಅದರ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿಯುತ್ತಾನೆ, ಬೆರಳೇ ಅಂಕಿ. ಎತ್ತನ್ನು ಹತ್ತು ಮಂದಿಯ ಕಣ್ಣೆದುರಿಗೆ ನಡೆಸಿ, ಹಲ್ಲು ಬಿಡಿಸಿ ತೋರಿಸುತ್ತಾರೆ, ದರ ಮಾತ್ರ ಇಬ್ಬರ ನಡುವೆ. ಮಾರುವವನಿಗೆ ಎಲ್ಲರ ಮುಂದೆ ಇಳಿದೆನೆಂಬ ಸಣ್ಣತನವಿಲ್ಲ, ಕೊಳ್ಳದೆ ಹೋದವನಿಗೆ ಕೈಯಲ್ಲಿ ದುಡ್ಡಿಲ್ಲವೆಂಬ ಹೆಸರಿಲ್ಲ.

ಖರೀದಿ-ಮಾರಾಟದ ಗ್ರೂಪಿಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ಯಾವ ಕಂಪನಿಯೂ ಬರೆದುಕೊಟ್ಟಿಲ್ಲ. ಮಾಲು ಎಲ್ಲರಿಗೂ ಕಾಣಲಿ, ಚೌಕಾಸಿ ‘ಪರ್ಸನಲ್’ನಲ್ಲಿ ನಡೆಯಲಿ. ಒಬ್ಬ ರೈತ ಲಿಂಬೆಯ ಫೋಟೋ ಹಾಕಿ ಸಾವಿರ ಕಾಯಿಗೆ ಇಷ್ಟು ಎಂದು ಬರೆದ ಕೂಡಲೇ, ಕೆಳಗೆ ‘ಅಷ್ಟಕ್ಕೆ ಯಾರು ಒಯ್ತಾರ, ನಮ್ಮೂರಾಗ ಅರ್ಧಕ್ಕ ಸಿಗ್ತಾವ’ ಎಂದು ಬರೆಯುವವನು ಕೊಳ್ಳುವವನಲ್ಲ, ವ್ಯಾಪಾರ ಕೆಡಿಸುವವನು. ಸಂತೆಯಲ್ಲಿ ಇನ್ನೊಬ್ಬರ ವಲ್ಲಿಯೊಳಗೆ ಯಾರೂ ಕೈಹಾಕುವುದಿಲ್ಲ. ಇನ್ನೊಬ್ಬರು ಹಾಕಿದ ಜಾಹೀರಾತಿನ ಕೆಳಗೇ ತನ್ನ ಮಾಲಿನ ಫೋಟೋ ಅಂಟಿಸುವುದೂ ಅದೇ ಜಾತಿಯ ತಪ್ಪು.

ಮಾರುವವನ ಕಡೆಯ ಮರ್ಯಾದೆಯೂ ಇದೆ. ಹಲ್ಲು ಬಿಡಿಸಿ ತೋರಿಸುವಷ್ಟು ಪ್ರಾಮಾಣಿಕವಾಗಿ ಫೋಟೋ ಇರಬೇಕು: ಇಂದಿನದು, ಸ್ವಂತ ತೋಟದ್ದು, ಮೇಲೆ ನಾಲ್ಕು ದೊಡ್ಡ ಕಾಯಿ ಜೋಡಿಸಿ ಕೆಳಗೆ ಗೋಲಿ ತುಂಬದ್ದು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಎಲ್ಲಿಯದೋ ಕಾಯಿಗೆ ಇಂಡಿಯ ಹೆಸರಿಟ್ಟು ಮಾರುವುದು ಈಗ ಬರೀ ಸುಳ್ಳಲ್ಲ, ಕಾನೂನಿನ ಮಾತೂ ಹೌದು. ಮಣ್ಣಿನ ಗಡಿಗೆಯ ಗಟ್ಟಿ ಮೊಸರಿಗೆ ಹೆಸರಾದ ಕೊಲ್ಹಾರದ ಹೆಸರನ್ನು ಪ್ಲಾಸ್ಟಿಕ್ ಡಬ್ಬಿಯ ಮೊಸರಿನ ಮೇಲೆ ಬರೆಯುವವರಿಗೂ ಕೊಳ್ಳುವವರು ನಾಲಿಗೆಯಿಂದಲೇ ತೀರ್ಪು ಕೊಡುತ್ತಾರೆ. ಮಾಲು ಮಾರಿಹೋದ ಮೇಲೆ ‘ಮುಗೀತ್ರಿ’ ಎಂದೊಂದು ಮಾತು ಹಾಕದಿದ್ದರೆ ವಾರಗಟ್ಟಲೆ ಫೋನು ಬರುತ್ತಿರುತ್ತದೆ, ಬಂದವರನ್ನು ಬೈಯುವುದಕ್ಕೆ ಆಗ ಅಧಿಕಾರವಿಲ್ಲ.

ದುಡಿಮೆಯ ಸುದ್ದಿಗೂ ಇದೇ ಮಾತು. ‘ಹುಡುಗರು ಬೇಕಾಗಿದಾರ, ಫೋನ್ ಮಾಡ್ರಿ’ ಎಂದಷ್ಟೇ ಹಾಕಿದ ಗುತ್ತಿಗೆದಾರನಿಗಿಂತ ಊರು, ಕೆಲಸ, ದಿನದ ಪಗಾರ, ಇರಲು ಜಾಗ, ಮುಂಗಡ ಎಲ್ಲ ಬರೆದವನನ್ನು ಗೌಂಡಿಗಳೂ ಕಬ್ಬಿನ ಮುಕಾದಮರೂ ನಂಬುತ್ತಾರೆ. ಅಪರಿಚಿತರ ‘ಮನ್ಯಾಗ ಕೂತು ಗಳಿಸ್ರಿ’ ಲಿಂಕನ್ನು ತಾನು ನೋಡದೆ ಊರ ಗ್ರೂಪಿಗೆ ಒಗೆಯುವುದು ಇಂದಿನ ದಿನ ದೊಡ್ಡ ತಪ್ಪು. ದುಡ್ಡು ಕಳಕೊಂಡವರು ಕರೆಯಬೇಕಾದ ಸಹಾಯವಾಣಿ 1930. ಎಂಜಿನಿಯರಿಂಗ್ ಓದಿದ ಮಕ್ಕಳು ಬಳಸುವ ಲಿಂಕ್ಡ್‌ಇನ್ 2003ರಿಂದ ಇದೆ. ಅದರ ರೂಢಿ ಸರಳ. ಪರಿಚಯ ಕೇಳುವಾಗ ತಾನು ಯಾವ ಊರು, ಯಾವ ಕಾಲೇಜು, ಯಾಕೆ ಬರೆಯುತ್ತಿದ್ದೇನೆ ಎಂದು ಎರಡು ಸಾಲು ಬರೆಯುವುದು, ಒಪ್ಪಿಕೊಂಡ ಮರುಕ್ಷಣವೇ ‘ಸರ್, ಜಾಬ್ ಕೊಡಸ್ರಿ’ ಎನ್ನದಿರುವುದು. ಬಸ್ಸಿನಲ್ಲಿ ಪಕ್ಕ ಕೂತವನಿಗೆ ಊರ ಹೆಸರು ಕೇಳುವ ಮೊದಲೇ ಸಾಲ ಕೇಳುತ್ತೇವೆಯೇ?

ಕರೆಯುವುದು, ಸೇರಿಸುವುದು

ಲಗ್ನಪತ್ರಿಕೆಯನ್ನು ಮನೆಗೆ ಹೋಗಿ ಕೈಗಿಟ್ಟು ಕರೆಯುವ ನಾಡಿನಲ್ಲಿ, ಕೇಳದೆ ಗ್ರೂಪಿಗೆ ‘ಆಡ್’ ಮಾಡುವುದು ತೋಳು ಹಿಡಿದು ಪಂಗತಿಗೆ ಎಳೆದು ಕೂರಿಸಿದಂತೆ. 2019ರ ಏಪ್ರಿಲ್‌ನಿಂದ ತನ್ನನ್ನು ಯಾರು ಗ್ರೂಪಿಗೆ ಸೇರಿಸಬಹುದೆಂದು ಬಳಕೆದಾರರೇ ನಿಗದಿ ಮಾಡುವ ಸೌಲಭ್ಯವನ್ನು ವಾಟ್ಸಾಪ್ ಕೊಟ್ಟಿದೆ. ಚುನಾವಣೆ ಹತ್ತಿರ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ಲಗ್ನಪತ್ರಿಕೆಯೂ ಈಗ ಗ್ರೂಪಿಗೇ ಬರುತ್ತದೆ, ‘ಇದನ್ನೇ ವೈಯಕ್ತಿಕ ಆಮಂತ್ರಣವೆಂದು ಭಾವಿಸಿ’ ಎಂಬ ಸಾಲಿನೊಂದಿಗೆ. ಗೆಳೆಯರು ಭಾವಿಸುತ್ತಾರೆ, ಸೋದರಮಾವ ಭಾವಿಸುವುದಿಲ್ಲ. ಹತ್ತಿರದವರಿಗೆ ಒಂದು ಫೋನಾದರೂ ಮಾಡಬೇಕೆಂಬುದು ಸದ್ಯಕ್ಕೆ ನಿಂತಿರುವ ರಾಜಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸಮಾಜದ ವಧು-ವರ ಗ್ರೂಪುಗಳಲ್ಲಿ. ಹಿಂದೆ ಕನ್ಯೆಯ ಸುದ್ದಿ ಒಬ್ಬ ನಂಬಿಗಸ್ತ ಹಿರಿಯನ ಬಾಯಲ್ಲಿ, ಎರಡು ಮನೆಗಳ ನಡುವೆ ಓಡಾಡುತ್ತಿತ್ತು. ಫೋಟೋ ಕೊಟ್ಟರೆ ಅದು ಲಕೋಟೆಯಲ್ಲಿ ಹೋಗಿ, ಒಲ್ಲೆನೆಂದರೆ ಲಕೋಟೆಯಲ್ಲೇ ಮರಳುತ್ತಿತ್ತು. ಈಗ ಹುಡುಗಿಯ ಫೋಟೋ, ಜನ್ಮದಿನ, ಓದು, ಅಪ್ಪನ ಫೋನ್ ನಂಬರು ಎಲ್ಲ ಒಂದೇ ಹಾಳೆಯಲ್ಲಿ ಸಾವಿರ ಮಂದಿಗೆ ತಲುಪುತ್ತವೆ, ಅಲ್ಲಿಂದ ಬೇರೆ ಗ್ರೂಪುಗಳಿಗೆ. ಮದುವೆಯಾಗಿ ಕೈಯಲ್ಲಿ ಕೂಸಿರುವವಳ ಬಯೋಡಾಟಾ ಇನ್ನೂ ತಿರುಗುತ್ತಿದ್ದರೆ ಅದನ್ನು ಮರಳಿ ತರುವ ಲಕೋಟೆ ಇಲ್ಲ. ಆದ್ದರಿಂದ ಹುಡುಗಿಯನ್ನೇ ಕೇಳದೆ ಫೋಟೋ ಹಾಕಬಾರದು. ಗ್ರೂಪಿನಲ್ಲಿ ಓದು, ಊರು ಇಷ್ಟನ್ನೇ ಹಾಕಿ, ಉಳಿದದ್ದನ್ನು ಕೇಳಿದ ಮನೆಗೆ ನೇರ ಕೊಡಬೇಕು. ನಿಶ್ಚಯವಾದ ದಿನ ಹಾಕಿದ್ದನ್ನು ಅಳಿಸಬೇಕು, ಬೇರೆಡೆ ಕಳಿಸಿದವರೂ ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತದ ಮತ್ತು ಮನೆಮಟ್ಟಿನ ಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ಬೀಗರ ನಡುವೆ ಓಡಾಡುವ ಫೋಟೋವನ್ನು ಕಾಯುವ ಕೆಲಸ ಬಹುಪಾಲು ರೀತಿ-ರಿವಾಜಿನ ಪಾಲಿಗೇ ಉಳಿದಿದೆ.

ಹೆಣ್ಣುಮಕ್ಕಳಿಗೆ ಕಳಿಸುವ ಮೆಸೇಜಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಫೋನಿರುವ ಮನೆಯಲ್ಲಿ ಅದು ಯಾರ ಕೈಯಲ್ಲಿದೆಯೋ ಗೊತ್ತಾಗದು. ಸ್ತ್ರೀಶಕ್ತಿ ಸಂಘದ ಲೆಕ್ಕಕ್ಕೆ ಸದಸ್ಯೆಯ ನಂಬರು ಸಿಕ್ಕಿತೆಂದು ರಾತ್ರಿ ‘ಊಟ ಆತಾ’ ಎಂದು ಕೇಳುವ ಗಂಡಸು ತನ್ನ ಮರ್ಯಾದೆಯಷ್ಟೇ ಕಳಕೊಳ್ಳುವುದಿಲ್ಲ, ಅವಳ ಕೈಯಿಂದ ಫೋನನ್ನೂ ಕಸಿಯುತ್ತಾನೆ. ಕೆಲಸದ ಗ್ರೂಪಿನಿಂದ ನಂಬರು ಎತ್ತಿ ಖಾಸಗಿಯಾಗಿ ಬರೆಯುವ ಮುನ್ನ ಗ್ರೂಪಿನಲ್ಲೇ ‘ಫೋನ್ ಮಾಡಲೇನ್ರಿ’ ಎಂದು ಕೇಳುವುದು ಕ್ಷೇಮ.

ಫಾರ್ವರ್ಡ್

ಫಾರ್ವರ್ಡ್ ಮಾಡುವುದು ಶಿಷ್ಟಾಚಾರ ದಾಟಿ ಜೀವದ ಪ್ರಶ್ನೆಯಾದದ್ದು ಬೀದರ್ ಜಿಲ್ಲೆಯಲ್ಲಿ. 2018ರ ಜುಲೈ 13ರಂದು ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದಿದ್ದವರು ಮಕ್ಕಳಿಗೆ ಚಾಕಲೇಟು ಕೊಟ್ಟದ್ದನ್ನು ಕಂಡು ಮಕ್ಕಳ ಕಳ್ಳರೆಂಬ ಗುಲ್ಲೆದ್ದಿತು. ಅವರ ಚಿತ್ರ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿ ಮುರ್ಕಿ ಎಂಬಲ್ಲಿ ದಾರಿ ಕಟ್ಟಿಸಿತು. ಅವರಲ್ಲಿ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಗುಂಪಿನ ಹೊಡೆತಕ್ಕೆ ಸತ್ತುಹೋದ. ಅದೇ ತಿಂಗಳು ದೇಶದ ಬೇರೆಡೆಯ ಇಂಥ ಕೊಲೆಗಳೂ ಸೇರಿ, ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ವಾಟ್ಸಾಪ್ ಮಿತಿ ಹಾಕಿತು. 2019ರಲ್ಲಿ ಆ ಮಿತಿ ಇಡೀ ಜಗತ್ತಿಗೆ ಬಂತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದ ಮೆಸೇಜನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಎರಡು ಬಾಣದ ಗುರುತು ಕಂಡರೆ ಅದು ಹಾಗೆ ಕೈ ದಾಟಿದ್ದೆಂದು ಅರ್ಥ. ‘ನಮಗ ಬಂದದ್ದು ಕಳಿಸೇವ್ರಿ’ ಎಂಬುದು ಈ ಸೀಮೆಯಲ್ಲಿ ಹೆಚ್ಚು ಕೇಳುವ ಸಮಜಾಯಿಷಿ. ಹೊಲದ ಬದುವಿನ ಜಗಳದಲ್ಲಿ ಯಾರೋ ಹೇಳಿದ್ದನ್ನು ತಂದು ಹೇಳಿದವನನ್ನೇ ಪಂಚರು ಮೊದಲು ನಿಲ್ಲಿಸಿ ಕೇಳುತ್ತಾರೆ ಎಂಬುದು ಈ ಸಮಜಾಯಿಷಿ ಕೊಡುವವರಿಗೂ ಗೊತ್ತು.

ಅಡ್ಮಿನ್‌ನ ಹೊಣೆಯ ಬಗ್ಗೆ ಊರಲ್ಲಿ ಅಂಜಿಕೆ ಬಹಳ. ಸದಸ್ಯ ಹಾಕಿದ ಮಾತಿಗೆ ಅಡ್ಮಿನ್ ತಾನಾಗಿ ಅಪರಾಧಿಯಾಗುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿಯೂ ಕೇರಳ ಹೈಕೋರ್ಟು 2022ರಲ್ಲಿಯೂ ಹೇಳಿವೆ. ಆದರೂ ತಪ್ಪು ಸುದ್ದಿಯನ್ನು ಅಳಿಸುವ ಗುಂಡಿ ಅವನ ಕೈಯಲ್ಲಿರುವಾಗ ಸುಮ್ಮನಿದ್ದರೆ ಜನ ಕೇಳಿಯೇ ಕೇಳುತ್ತಾರೆ. ಬೈಯುವುದಿದ್ದರೆ ಅಡ್ಮಿನ್ ಬದಿಗೆ ಕರೆದು ಬೈಯಬೇಕು, ಗ್ರೂಪಿನಲ್ಲಲ್ಲ.

ಹೊತ್ತು-ಗೊತ್ತು

‘ಶುಭೋದಯ’ದ ಹೂವುಗಳ ಕಥೆ ಬೇರೆಯೇ. ಭಾರತದ ಫೋನುಗಳು ತುಂಬಿ ನಿಲ್ಲಲು ಈ ಮುಂಜಾನೆಯ ಚಿತ್ರಗಳೇ ಒಂದು ಕಾರಣವೆಂದು ಗೂಗಲ್ ಸಂಶೋಧಕರು ಕಂಡುಕೊಂಡದ್ದು 2018ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಯಲ್ಲೂ ಬಂತು. ಒಂಟಿ ಹಿರಿಯರಿಗೆ ಅದು ‘ನಾನು ಆರಾಮದೀನಿ’ ಎಂಬ ಸುದ್ದಿ ಎಂಬುದನ್ನು ಮರೆಯಬಾರದು. ಮನೆಯವರ ಗ್ರೂಪಿನಲ್ಲಿ ಅದು ಇರಲಿ, ಲಿಂಬೆ ದರದ ಗ್ರೂಪಿನಲ್ಲಿ ಮಾತ್ರ ದರ ಹುಡುಕುವವನಿಗೆ ಅದು ಹೊಲದೊಳಗಿನ ಕಳೆ. ರಾತ್ರಿ ಹತ್ತಕ್ಕೆ ‘ನಾಳೆ ಮುಂಜಾನೆ ವರದಿ ಕೊಡ್ರಿ’ ಎಂದು ಗ್ರೂಪಿನಲ್ಲಿ ಬರೆಯುವ ಮೇಲಧಿಕಾರಿಗಳು, ನೀಲಿ ಗೆರೆ ಮೂಡಿದ ಕೂಡಲೇ ‘ನೋಡಿ ಸುಮ್ಮನದೀರಿ’ ಎನ್ನುವವರು, ಆರು ನಿಮಿಷದ ಧ್ವನಿ ಮೆಸೇಜು ಕಳಿಸಿ ಕೊನೆಗೆ ‘ಏನಿಲ್ಲ, ಆಮೇಲೆ ಮಾತಾಡೋಣು’ ಎನ್ನುವವರು ಎಲ್ಲರೂ ಒಂದೇ ಪಂಗಡ. ಓದಲು ಬಾರದವರಿಗೆ ಧ್ವನಿಯೇ ಅಕ್ಷರ, ಅವರದು ಎಷ್ಟುದ್ದವಿದ್ದರೂ ಕೇಳಬೇಕು.

ದಸರೆಯಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು, ಕಾಲು ಮುಟ್ಟಿ, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುವುದು ವರ್ಷದ ಮನಸ್ತಾಪ ತೊಳೆಯುವ ಹೊತ್ತು. ಬನ್ನಿಯ ಚಿತ್ರವನ್ನು ಇನ್ನೂರು ಮಂದಿಗೆ ಒಮ್ಮೆಲೇ ಕಳಿಸಿದರೆ ಅದು ಬನ್ನಿಯಲ್ಲ, ಬನ್ನಿಯ ಚಿತ್ರ. ಗ್ರೂಪಿನಲ್ಲಿ ಮಾತಿಗೆ ಮಾತು ಬೆಳೆದು ಮುನಿಸಿಕೊಂಡವರಿಗಾದರೂ ಅಂದು ಎಲೆಯನ್ನು ಕೈಗೇ ಕೊಡಬೇಕೆಂದು ಹಳಬರು ಹೇಳುತ್ತಾರೆ, ಈ ಲೇಖಕನೂ ಅವರ ಪಕ್ಷ.

ಸಾವಿನ ಸುದ್ದಿಯನ್ನು ಮನೆಯವರಲ್ಲಿ ಒಬ್ಬರು ಗ್ರೂಪಿಗೆ ಹಾಕುವ ತನಕ ಬೇರೆಯವರು ಹಾಕಬಾರದು. ಗೋವಾದಲ್ಲಿರುವ ಮಗನಿಗೆ ಅಪ್ಪನ ಸುದ್ದಿ ಗ್ರೂಪಿನಿಂದ ಮೊದಲು ತಿಳಿಯುವುದಕ್ಕಿಂತ ಕ್ರೂರವಾದದ್ದು ಕಡಿಮೆ. ‘ಲಿಂಗೈಕ್ಯ’, ‘ಭಾವಪೂರ್ಣ ಶ್ರದ್ಧಾಂಜಲಿ’, ‘ಓಂ ಶಾಂತಿ’ ಇವುಗಳಲ್ಲಿ ಮನೆತನದ ನಂಬಿಕೆಗೆ ಒಪ್ಪುವುದನ್ನು ನೋಡಿ ಬರೆಯಬೇಕು. ಹೆಬ್ಬೆರಳು ಎತ್ತುವ ಚಿಹ್ನೆಯನ್ನು ಸಾವಿನ ಸುದ್ದಿಗೆ ಒತ್ತಬಾರದು. ಒತ್ತಿದವರ ಅರ್ಥ ‘ತಿಳೀತ್ರಿ’ ಎಂದಷ್ಟೇ ಇದ್ದರೂ ನೋಡಿದವರಿಗೆ ಬೇರೆಯೇ ಅರ್ಥವಾಗುತ್ತದೆ.

ಗ್ರೂಪ್ ಬಿಡುವುದು

ಈ ಸೀಮೆಯಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನ್ರಿ’ ಎನ್ನುತ್ತಾರೆ. ವಾಟ್ಸಾಪ್ ಮಾತ್ರ ಬಹಳ ಕಾಲ ಬಿಟ್ಟವರ ಹೆಸರನ್ನು ಎಲ್ಲರಿಗೂ ಸಾರುತ್ತಿತ್ತು. ‘ಲೆಫ್ಟ್ ಆದ’ ಎಂಬುದು ಜಗಳದ ಕೊನೆಯ ಮಾತಾಗಿ, ಎದ್ದು ಬಾಗಿಲು ಬಡಿದು ಹೋದಂತೆ ಕಾಣುತ್ತಿತ್ತು. 2022ರ ಆಗಸ್ಟ್‌ನಲ್ಲಿ ಸದ್ದಿಲ್ಲದೆ ಬಿಡುವ ಅನುಕೂಲವನ್ನು ಕಂಪನಿ ಪ್ರಕಟಿಸಿತು. ಅದರಲ್ಲಿ ಅಡ್ಮಿನ್‌ಗಳಿಗಷ್ಟೇ ಸೂಚನೆ ಹೋಗುತ್ತದೆ. ಅಷ್ಟಾದರೂ ಊರ ಗ್ರೂಪಿನಿಂದ ಸದ್ದಿಲ್ಲದೆ ಹೋದವರನ್ನು ಮರುದಿನ ಅಗಸಿಯಲ್ಲಿ ‘ಯಾಕ್ರಿ, ಏನಾತು’ ಎಂದು ಕೇಳದೆ ಬಿಡುವವರಿಲ್ಲ. ಅದಕ್ಕೇ ಕೆಲವರು ಬಿಡುವ ಮೊದಲು ಒಂದು ಸಾಲು ಬರೆಯುತ್ತಾರೆ: ಫೋನ್ ತುಂಬೇತ್ರಿ, ಏನರೆ ಇದ್ರ ಫೋನ್ ಮಾಡ್ರಿ, ಬರ್ತೀನ್ರಿ.